ಬೆಕ್ಕಿಗೂ ಬೇಕು ಹಣಿಗಿ



ನಮ್ಮ ಮನೆಗೆ ಉದ್ದ ಕೂದಲಿನ ಬೆಕ್ಕು ಬಂದಿರುವುದು ನಿಮಗೆಲ್ಲ ಗೊತ್ತೇ ಇದೆ. ನೋಡಲು ಬಂದವರಲ್ಲಿ ಕೆಲವರು "ಏನ್ ಚಂದ ಐತಿ, ನಮಗೂ ಒಂದು ಬೇಕು" ಎನ್ನುತ್ತಾರೆ. ಇನ್ನು ಕೆಲವರು "ಇಲಿ ಹಿಡಿಯಂಗಿಲ್ಲ ಏನಿಲ್ಲ, ಎಲ್ಲೆರ ಬಿಟ್ಟು ಬರ್ರಿ" ಎನ್ನುತ್ತಾರೆ. ಈ ಎರಡು ಮಾತೂ ತಪ್ಪು ಎಂದು ನನ್ನ ಅಭಿಪ್ರಾಯ. ಯಾಕೆ ಎಂದು ಇಲ್ಲಿ ಬರೆದಿದ್ದೇನೆ.

ಇದು ಪರ್ಷಿಯನ್ ಜಾತಿಯ ಬೆಕ್ಕು. ಗಂಗಾವತಿಯ ನಮ್ಮ ಮಾವ ಮಕ್ಕಳು ಹಟ ಮಾಡಿದರೆಂದು ಕೊಂಡು ತಂದಿದ್ದರು. ಆರು ತಿಂಗಳಿಗೆ ಮಕ್ಕಳಿಗೆ ಬ್ಯಾಸರಾಯಿತು. ಅತ್ತೆಗೆ ಮನೆ ತುಂಬ ಉದುರಿದ ಕೂದಲು ಕಸ ಹೊಡೆದು ಸಾಕಾಯಿತು. "ಹಳ್ಯಾಗ ಜಾಗ ಐತಿ, ಇಟಗೊಳ್ರಿ" ಎಂದು ನಮ್ಮಲ್ಲಿ ಬಿಟ್ಟು ಹೋದರು. ಬೆಳ್ಳಗಿದ್ದುದಕ್ಕೆ ನಾನು ಹತ್ತಿ ಎಂದು ಹೆಸರಿಟ್ಟೆ. ಹತ್ತಿ ನಮ್ಮೂರ ಬೆಕ್ಕುಗಳ ಹಾಗೆ ಮಾಳಿಗಿ ಹತ್ತುವುದಿಲ್ಲ, ಜಗಳಾಡುವುದಿಲ್ಲ. ಎತ್ತಿಕೊಂಡರೆ ಪರಚುವುದಿಲ್ಲ. ಇಟ್ಟಲ್ಲೇ ಕುಳಿತಿರುತ್ತದೆ.

ಅದು ಸುಮ್ಮನಿರುತ್ತದೆ ಎಂದು ನಾವೂ ಸುಮ್ಮನಿದ್ದೆವು. ಅದೇ ತಪ್ಪಾಯಿತು. ಜೋಳದ ಸುಗ್ಗಿಯಲ್ಲಿ ಮನೆಯವರೆಲ್ಲ ಹೊಲಕ್ಕೆ ಹೋಗುತ್ತಿದ್ದರು. ನಾನು ಶಾಲೆಗೆ ಬರುತ್ತಿದ್ದೆ. ಒಂದು ತಿಂಗಳು ಯಾರೂ ಅದರ ಮೈ ಮುಟ್ಟಿ ನೋಡಲಿಲ್ಲ. ಆಮೇಲೆ ನೋಡಿದರೆ ಕಿವಿಯ ಹಿಂದೆ, ಕಂಕುಳಲ್ಲಿ, ಹೊಟ್ಟೆಯ ಕೆಳಗೆ ಕೂದಲೆಲ್ಲ ಕೂಡಿಕೊಂಡು ಗಟ್ಟಿ ಜಡಿಯಾಗಿತ್ತು.

ನಮ್ಮ ಅಜ್ಜಿ ನೋಡಿ ಕೈ ಮುಗಿದಳು. "ಜಡಿ ಬಿದ್ದೈತಿ. ಹುಲಿಗೆಮ್ಮ ಬಂದಾಳ. ಕತ್ತರಿ ಮುಟ್ಟಿಸಬ್ಯಾಡ್ರಿ, ಭಂಡಾರ ಹಚ್ರಿ" ಎಂದಳು. ಅವ್ವನಿಗೂ ಅಂಜಿಕೆ. ಎಂಟು ದಿನ ಭಂಡಾರ ಹಚ್ಚಿದೆವು. ಹತ್ತಿ ಉಣ್ಣುವುದು ಕಡಿಮೆ ಮಾಡಿತು. ಆಗ ಅಪ್ಪ ಕತ್ತರಿ ತೆಗೆದುಕೊಂಡು ಒಂದು ಜಡಿ ಕತ್ತರಿಸಲು ಹೋದ. ಚರ್ಮವೇ ಕತ್ತರಿಸಿ ರಕ್ತ ಬಂತು. ಅಜ್ಜಿ "ನಾ ಹೇಳಿರಲಿಲ್ಲೇನು?" ಎಂದು ಅಳತೊಡಗಿದಳು.

ಬುಟ್ಟಿಯಲ್ಲಿಟ್ಟುಕೊಂಡು ದನದ ದವಾಖಾನೆಗೆ ಹೋದೆವು. ಬೆಕ್ಕಿನ ಚರ್ಮ ಬಹಳ ತೆಳು, ಜಡಿ ಎಳೆದರೆ ಚರ್ಮವೂ ಕೂಡ ಎದ್ದು ಬಂದು ಕತ್ತರಿಗೆ ಸಿಗುತ್ತದೆ, ಅದಕ್ಕೇ ಮನೆಯಲ್ಲಿ ಕತ್ತರಿ ಹಚ್ಚಬಾರದು ಎಂದು ಡಾಕ್ಟರು ಹೇಳಿದರು. ಅವರು ಮಷೀನಿನಿಂದ ಜಡಿಗಳನ್ನೆಲ್ಲ ತೆಗೆದರು. ನಾನು ಹತ್ತಿರವೇ ನಿಂತು ನೋಡಿದೆ. ಜಡಿಯ ಕೆಳಗೆ ಇದ್ದದ್ದು ಹುಣ್ಣು. ಕೀವು ಆಗಿತ್ತು. ಅಷ್ಟು ನೋವಿದ್ದರೂ ಅದು ಒಂದು ದಿನ ಒದರಿರಲಿಲ್ಲ.

ಜಡಿ ಯಾಕೆ ಬೀಳುತ್ತದೆ? ಈ ಬೆಕ್ಕಿಗೆ ಮೇಲೆ ಉದ್ದ ಕೂದಲು, ಒಳಗೆ ಮೆತ್ತನ್ನ ಸಣ್ಣ ಕೂದಲು ಇರುತ್ತದೆ. ಒಳಗಿನದು ಉದುರಿ ಹೊರಗೆ ಬೀಳದೆ ಮೇಲಿನದಕ್ಕೆ ಸುತ್ತಿಕೊಳ್ಳುತ್ತದೆ. ಧೂಳು, ಜಿಡ್ಡು, ತೇವ ಸೇರಿದರೆ ಗಟ್ಟಿಯಾಗುತ್ತದೆ. ಕುರಿ ಉಣ್ಣೆಯನ್ನು ತೋಯಿಸಿ ತಿಕ್ಕಿದರೆ ಹೇಗೆ ಗಟ್ಟಿಯಾಗುತ್ತದೋ ಹಾಗೆಯೇ. ಇದರಲ್ಲಿ ದೇವರ ಕೆಲಸ ಏನೂ ಇಲ್ಲ, ನಾವು ಬಾಚಲಿಲ್ಲ ಅಷ್ಟೆ.

ಗೆಳತಿಯರೇ, ನಾನು ಹುಲಿಗೆಮ್ಮನನ್ನು ಬೈಯುತ್ತಿಲ್ಲ. ನಾವೂ ಹುಣ್ಣಿಮೆಗೆ ಹುಲಿಗಿಗೆ ಹೋಗಿ ಕಾಯಿ ಒಡೆಸಿಕೊಂಡು ಬರುತ್ತೇವೆ. ಆದರೆ ನಮ್ಮ ಕಡೆ ಹಿಂದೆ ಹುಡುಗಿಯರ ತಲೆಯಲ್ಲಿ ಜಡಿ ಬಿದ್ದರೆ ದೇವಿ ಕರೆದಾಳೆ ಎಂದು ಅವರನ್ನು ದೇವದಾಸಿ ಬಿಡುತ್ತಿದ್ದರು. ಒಂದು ಹಣಿಗಿಯಿಂದ ಬಿಡಿಸಬಹುದಾಗಿದ್ದ ಗಂಟಿಗೆ ಒಬ್ಬ ಹುಡುಗಿಯ ಇಡೀ ಬಾಳು ಹೋಗುತ್ತಿತ್ತು. ದೇವದಾಸಿ ಬಿಡುವುದನ್ನು ನಿಷೇಧಿಸುವ ಕಾಯ್ದೆಯನ್ನು ಕರ್ನಾಟಕದಲ್ಲಿ 1982ರಲ್ಲಿ ಮಾಡಿದರು. ಕಾಯ್ದೆ ಬಂದರೂ ಜಡಿಯ ಅಂಜಿಕೆ ಹೋಗಿಲ್ಲ ಎಂಬುದನ್ನು ನಮ್ಮ ಮನೆಯಲ್ಲೇ ನೋಡಿದೆ. ಅಜ್ಜಿ "ಬೆಕ್ಕ ಬ್ಯಾರೆ, ಮನಶ್ಯಾರು ಬ್ಯಾರೆ" ಎನ್ನುತ್ತಾಳೆ. ಕೂದಲು ಮಾತ್ರ ಕೂದಲೇ ಎಂದು ನಾನು ಹೇಳುತ್ತೇನೆ.

ಇನ್ನು "ನಮಗೂ ಒಂದು ಬೇಕು" ಎನ್ನುವವರಿಗೆ ಒಂದು ಮಾತು. ಪರ್ಷಿಯಾ ಎಂದರೆ ಈಗಿನ ಇರಾನ್ ದೇಶ. ಸುಮಾರು 1620ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಲ್ಲೆ ಅಲ್ಲಿ ಉದ್ದ ಕೂದಲಿನ ಬೆಕ್ಕುಗಳನ್ನು ನೋಡಿ, ಅವುಗಳ ವಿಷಯ ಕಾಗದದಲ್ಲಿ ಬರೆದನು. ಇದೇ ಪ್ರವಾಸಿ 1623ರಲ್ಲಿ ನಮ್ಮ ಕರ್ನಾಟಕದ ಇಕ್ಕೇರಿಗೆ, ಕೆಳದಿಯ ವೆಂಕಟಪ್ಪ ನಾಯಕನ ಆಸ್ಥಾನಕ್ಕೂ ಬಂದಿದ್ದನು. ಅವನು ಬರೆದದ್ದು ಖೊರಾಸಾನ ಎಂಬ ಸೀಮೆಯ ಬೆಕ್ಕುಗಳ ಬಗ್ಗೆ. ಅಲ್ಲಿ ಚಳಿಗಾಲದಲ್ಲಿ ಬಹಳ ಥಂಡಿ. ನಮ್ಮ ಯಲಬುರ್ಗಾ, ಕುಷ್ಟಗಿ ಕಡೆ ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ಬಿಸಿಲು. ನಾವೇ ಅಂಗಿ ತೆಗೆದು ಕಟ್ಟೆಯ ಮೇಲೆ ಕೂಡುವಾಗ ಅದು ಕಂಬಳಿ ಹೊದ್ದ ಹಾಗೆ ಇರಬೇಕು. ಅಲ್ಲದೆ ಚಂದ ಕಾಣಲೆಂದು ಮನುಷ್ಯರು ಚಪ್ಪಟೆ ಮುಖದವುಗಳನ್ನೇ ಆರಿಸಿ ಆರಿಸಿ ಮರಿ ಮಾಡಿಸಿದ್ದಾರೆ. ಅದರಿಂದ ಉಸಿರಾಡಲು ಕಷ್ಟ, ಕಣ್ಣಲ್ಲಿ ನೀರು ಸೋರುತ್ತದೆ.

ಈಗ ನಾನು ದಿನಾಲೂ ಮಾಡುವುದು ಇಷ್ಟು. ದೊಡ್ಡ ಹಲ್ಲಿನ ಹಣಿಗಿಯಿಂದ ಹತ್ತು ನಿಮಿಷ ಬಾಚುತ್ತೇನೆ. ಗಂಟು ಸಿಕ್ಕರೆ ಬುಡ ಹಿಡಿದುಕೊಂಡು ತುದಿಯಿಂದ ಬಿಡಿಸುತ್ತೇನೆ. ಬಾಚಿದರೆ ಅದು ಮೈ ನೆಕ್ಕಿ ನುಂಗುವ ಕೂದಲೂ ಕಡಿಮೆ, ವಾಂತಿಯೂ ಕಡಿಮೆ. ಒದ್ದೆ ಅರಿವೆಯಿಂದ ಕಣ್ಣು ಒರೆಸುತ್ತೇನೆ. ಮಧ್ಯಾಹ್ನ ನೀರಿನ ಕೊಡದ ಹತ್ತಿರ ತಂಪಿನಲ್ಲಿ ಮಲಗಿಸುತ್ತೇವೆ. ಬೆಕ್ಕು ಮಾಂಸ ತಿನ್ನುವ ಪ್ರಾಣಿ, ಬರೀ ರೊಟ್ಟಿ ಹಾಲಿನಿಂದ ಅದರ ಶಕ್ತಿ ಉಳಿಯುವುದಿಲ್ಲ. ನಮ್ಮೂರ ಬೆಕ್ಕು ಇಲಿ ಹಿಡಿದು ತಿನ್ನುತ್ತದೆ. ಹತ್ತಿಗೆ ಅದು ಬರುವುದಿಲ್ಲ. ನಮ್ಮ ಮನೆಯಲ್ಲಿ ಮಾಂಸ ಮಾಡುವುದಿಲ್ಲ. ಅದಕ್ಕೆ ಪ್ಯಾಕೆಟಿನ ಆಹಾರ ತಂದು ಹೊರಗೆ ಕಟ್ಟೆಯ ಮೇಲೆ ಹಾಕುತ್ತೇವೆ. ಅಪ್ಪ ರೊಕ್ಕ ಕೊಡುವಾಗೊಮ್ಮೆ ಬೈಯುತ್ತಾನೆ. ಹುಚ್ಚುನಾಯಿ ರೋಗ ಬೆಕ್ಕಿಗೂ ಬರುತ್ತದೆ, ಆದ್ದರಿಂದ ಅದರ ಸೂಜಿಯನ್ನೂ ಹಾಕಿಸಬೇಕು.

ಇಷ್ಟನ್ನೂ ಮಾಡುತ್ತೇನೆ ಎನ್ನುವವರು ತರಲಿ. ಆಗದಿದ್ದರೆ ಊರಲ್ಲಿ ಬೇಕಾದಷ್ಟು ಬೆಕ್ಕಿನ ಮರಿಗಳಿವೆ. ಅವುಗಳ ಕೂದಲು ಗಿಡ್ಡ. ತಮ್ಮ ಮೈ ತಾವೇ ನೆಕ್ಕಿ ಸ್ವಚ್ಛ ಮಾಡಿಕೊಳ್ಳುತ್ತವೆ, ನಮ್ಮ ಬಿಸಿಲು ಅವಕ್ಕೆ ಗೊತ್ತು.

"ಬಿಟ್ಟು ಬರ್ರಿ" ಎನ್ನುವವರಿಗೂ ಹೇಳುತ್ತೇನೆ. ಬೇಟೆ ಬಾರದ ಪ್ರಾಣಿಯನ್ನು ಬಯಲಲ್ಲಿ ಬಿಡುವುದೆಂದರೆ ಕೊಂದಂತೆ. ಸಾಕಿದ ಪ್ರಾಣಿಯನ್ನು ಹಸಿವೆ ನೀರಡಿಕೆಯಿಂದ ನರಳುವಂತೆ ಬಿಟ್ಟು ಹೋಗುವುದು 1960ರ ಕಾಯ್ದೆಯ ಪ್ರಕಾರ ಅಪರಾಧ. ಅದು ತಾನಾಗಿ ನಮ್ಮೂರಿಗೆ ಬರಲಿಲ್ಲ. ನಮ್ಮವರೇ ತಂದರು, ಆದ್ದರಿಂದ ನೋಡಿಕೊಳ್ಳುವ ಕೆಲಸವೂ ನಮ್ಮದೇ.

ಹತ್ತಿಯ ಹೊಟ್ಟೆಯ ಮೇಲೆ ಈಗ ಹೊಸ ಕೂದಲು ಬಂದಿದೆ. ಮೊನ್ನೆ ನಾನು ಆಟಕ್ಕೆ ಓಡುವಾಗ ಅಜ್ಜಿಯೇ ಕರೆದು "ಬೆಕ್ಕಿನ ತಲಿ ಬಾಚಿ ಹೋಗ, ಮತ್ತ ಜಡಿ ಬಿದ್ದೀತು" ಎಂದಳು. ನಾನು ನಗಲಿಲ್ಲ, ಹಣಿಗಿ ತೆಗೆದುಕೊಂಡೆ.

ಇದು ನನ್ನ ಅನಿಸಿಕೆ. ತಪ್ಪಿದ್ದರೆ ಗುರುಗಳು ತಿದ್ದಬೇಕು, ನೀವೂ ನಿಮ್ಮ ಅಭಿಪ್ರಾಯ ಬರೆಯಿರಿ.

— 7ನೇ ತರಗತಿಯ ವಿದ್ಯಾರ್ಥಿನಿ