ಕೋರ್ ನೂರು, ಬೀಗ ಒಂದೇ

ಫೈಲ್ ಸರ್ವರ್ ನಿಧಾನ ಎಂಬ ದೂರು ಬಂದ ಕೂಡಲೇ ಹೆಚ್ಚು ಕೋರ್‌ಗಳ ಹೊಸ ಯಂತ್ರಕ್ಕೆ ಕೊಟೇಶನ್ ತರಿಸುವುದು ಐಟಿ ವಿಭಾಗಗಳ ರೂಢಿ. ಹಾಗೆ ಖರೀದಿಗೆ ಹೊರಟವರು ತುಸು ತಡೆಯುವುದು ಒಳ್ಳೆಯದು. 192 ಕೋರ್‌ಗಳ ಸರ್ವರ್ ಪ್ರೊಸೆಸರ್ 2024ರಲ್ಲೇ ಮಾರುಕಟ್ಟೆಗೆ ಬಂದಿದೆ, ವೇಗದ ಎನ್‌ವಿಎಂಇ ಡಿಸ್ಕ್‌ಗಳೂ ಬಳಕೆಗೆ ಬಂದಿವೆ. ನಿಧಾನದ ಡಿಸ್ಕು ಇಷ್ಟು ದಿನ ಮುಚ್ಚಿಟ್ಟಿದ್ದ ತೊಂದರೆಯೊಂದು ಇನ್ನು ಮೇಲೆದ್ದು ಕಾಣಲಿದೆ: ಲಾಕ್‌ಗಾಗಿ ಥ್ರೆಡ್‌ಗಳ ನಡುವಿನ ಪೈಪೋಟಿ.

ಎಲ್ಲರೂ ಬಳಸುವ ಪಟ್ಟಿಯೊಂದನ್ನು ತಿದ್ದಲು ಒಂದು ಥ್ರೆಡ್ ಲಾಕ್ ಹಿಡಿದರೆ ಉಳಿದವು ಕಾಯಲೇಬೇಕು. ಉಗ್ರಾಣದ ಕೀಲಿಕೈ ಒಬ್ಬರ ಸೊಂಟದಲ್ಲೇ ಇದ್ದರೆ ಅಡುಗೆಯವರು ಹತ್ತಿದ್ದರೇನು, ನೂರಿದ್ದರೇನು? ಕೆಲಸದ ಶೇ 5ರಷ್ಟು ಭಾಗ ಹೀಗೆ ಸರದಿಯಲ್ಲೇ ಸಾಗಬೇಕಾದರೆ, ಆಮ್ಡಾಲ್ ನಿಯಮದ ಪ್ರಕಾರ, ಎಷ್ಟೇ ಕೋರ್ ಸುರಿದರೂ ವೇಗ 20 ಪಟ್ಟು ಮೀರದು. ವಾಸ್ತವ ಇದಕ್ಕಿಂತ ಕಠಿಣ. ಸ್ಪಿನ್‌ಲಾಕ್‌ಗೆ ಕಾಯುವ ಕೋರ್ ಸುಮ್ಮನೆ ಕೂರದೆ ಲಾಕ್ ಬಿಟ್ಟಿತೇ ಎಂದು ನೋಡುತ್ತಲೇ ಸುತ್ತುತ್ತಿರುತ್ತದೆ. ಹಾಗಾಗಿ ಕೋರ್ ಹೆಚ್ಚಿದಂತೆ ಒಟ್ಟು ಕೆಲಸ ಇಳಿಯುವುದೂ ಉಂಟು.

ಇದು ಹೊಸ ರೋಗವಲ್ಲ. 1996ರಲ್ಲಿ ಲಿನಕ್ಸ್ 2.0 ತಂದ, ಇಡೀ ಕರ್ನಲ್‌ಗೆ ಒಂದೇ ಆಗಿದ್ದ ‘ಬಿಗ್ ಕರ್ನಲ್ ಲಾಕ್’ ಪೂರ್ತಿ ತೊಲಗಿದ್ದು 2011ರಲ್ಲಿ. ನೆಟ್‌ವರ್ಕ್ ಮೂಲಕ ಫೈಲ್ ಹಂಚುವ ಲಿನಕ್ಸ್‌ನ ಎನ್‌ಎಫ್‌ಎಸ್ 4 ಸರ್ವರ್‌ನಲ್ಲಂತೂ ಫೈಲ್ ತೆರೆಯುವ, ಮುಚ್ಚುವ, ಲಾಕ್ ಮಾಡುವ ಕೋರಿಕೆಗಳೆಲ್ಲ ಒಂದೇ ಮ್ಯೂಟೆಕ್ಸ್ (ಒಮ್ಮೆಗೆ ಒಬ್ಬರಿಗೇ ಸಿಗುವ ಲಾಕ್) ಮುಂದೆ ಸಾಲುಗಟ್ಟುತ್ತಿದ್ದವು. 2014ರ 3.17 ಆವೃತ್ತಿ ಅದನ್ನು ಒಡೆದು ಸಣ್ಣ ಲಾಕ್‌ಗಳಾಗಿ ಹಂಚಿತು. ಅಂಥ ಹಂಚಿಕೆ ಸುಲಭದ ಕೆಲಸವಲ್ಲ. ಒಂದು ಕಡೆ ಕ್ರಮ ತಪ್ಪಿದರೂ ಡೆಡ್‌ಲಾಕ್, ಇಲ್ಲವೇ ದತ್ತಾಂಶವೇ ಹಾಳು. ಅವಸರದ ಪ್ಯಾಚ್ ನಂಬಬೇಡಿ.

ಇಷ್ಟೆಲ್ಲ ಆದ ಮೇಲೂ ಉಳಿದಿರುವ ದೊಡ್ಡ ಇಕ್ಕಟ್ಟು ಡೈರೆಕ್ಟರಿಯದು. 2016ರ ಲಿನಕ್ಸ್ 4.7ರಿಂದ ಒಂದೇ ಡೈರೆಕ್ಟರಿಯಲ್ಲಿ ಹೆಸರು ಹುಡುಕುವ ಕೆಲಸ ಏಕಕಾಲಕ್ಕೆ ನಡೆಯುತ್ತದೆ ನಿಜ. ಆದರೆ ಫೈಲ್ ಸೃಷ್ಟಿಸುವವರು, ಅಳಿಸುವವರು ಈಗಲೂ ಆ ಡೈರೆಕ್ಟರಿಯ ಒಂದೇ ಲಾಕ್‌ಗೆ ಕಾಯುತ್ತಾರೆ. ಬೆಂಗಳೂರಿನ ಚಿಪ್ ವಿನ್ಯಾಸ ಕಚೇರಿಗಳ ಕೆಲಸ ನೆನೆಯಿರಿ: ರಾತ್ರಿಯಿಡೀ ಓಡುವ ಸಿಮ್ಯುಲೇಶನ್‌ಗಳು ಲೆಕ್ಕವಿಲ್ಲದಷ್ಟು ಪುಟ್ಟ ಫೈಲುಗಳನ್ನು ಹುಟ್ಟಿಸಿ ಅಳಿಸುತ್ತವೆ. ಅವೆಲ್ಲ ಒಂದೇ ಫೋಲ್ಡರಿಗೆ ಬಿದ್ದರೆ ಯಾವ ದುಬಾರಿ ಯಂತ್ರವೂ ಕೈಹಿಡಿಯದು. ಕೆಲಸಕ್ಕೊಂದು ಉಪಡೈರೆಕ್ಟರಿ ಮಾಡಿದರೆ, ಖರ್ಚಿಲ್ಲದೆ, ಸಾಲು ಚದುರುತ್ತದೆ. ಇಷ್ಟು ಸರಳ ಉಪಾಯವನ್ನು ಯಾರೂ ಕೇಳುವುದಿಲ್ಲ, ಏಕೆಂದರೆ ಅದಕ್ಕೆ ಬಜೆಟ್ ಬೇಕಿಲ್ಲ!

ಲಕ್ಷಣಗಳು ಮೊದಲೇ ಕಾಣುತ್ತವೆ. ಡಿಸ್ಕೂ ಬಿಡುವಾಗಿದೆ, ನೆಟ್‌ವರ್ಕೂ ಬಿಡುವಾಗಿದೆ, ಆದರೂ ಉತ್ತರ ತಡವಾಗುತ್ತಿದೆ ಎಂದರೆ ಅನುಮಾನಿಸಿ. ಎನ್‌ಎಫ್‌ಎಸ್ ಥ್ರೆಡ್‌ಗಳನ್ನು ಹೆಚ್ಚಿಸಿದಾಗ ವೇಗ ಏರದೆ ಸಿಸ್ಟಂ ಸಮಯ ಮಾತ್ರ ಏರಿದರೂ ಅಷ್ಟೇ. ಆಗ ಲಿನಕ್ಸ್‌ನ ಅಳತೆ ಸಾಧನ ‘ಪರ್ಫ್’ ಓಡಿಸಿ ಸ್ಪಿನ್‌ಲಾಕ್ ಎಷ್ಟು ಸಮಯ ತಿನ್ನುತ್ತಿದೆ ನೋಡಿ. ಹೊಸ ಯಂತ್ರ ಬೇಕೇಬೇಕು ಎನಿಸಿದರೆ, ನೂರಾರು ಕ್ಲೈಂಟ್‌ಗಳು ಒಂದೇ ಡೈರೆಕ್ಟರಿಗೆ ಬರೆಯುವ ಪರೀಕ್ಷೆಯನ್ನು ಮಾರುವವರ ಮುಂದೆಯೇ ನಡೆಸಿ, ಫಲಿತಾಂಶ ಕೈಗೆ ಬಂದ ಮೇಲೆ ಪರ್ಚೇಸ್ ಆರ್ಡರ್‌ಗೆ ಸಹಿ ಹಾಕಿ.