ನೂಲಿನ ಬೆಲೆ ಕಟ್ಟುವವರು ಯಾರು?

ನೂಲಿನ ದರ ಏರಿದಾಗಲೆಲ್ಲ ಮಗ್ಗದವನು ವರ್ತಕನನ್ನು ದೂರುತ್ತಾನೆ. ವರ್ತಕನು ಗಿರಣಿಯತ್ತ ಕೈ ತೋರಿಸುತ್ತಾನೆ. ಗಿರಣಿಯ ಯಜಮಾನನು ಅದೇ ನೆಪ ಹೇಳಿ ಕೂಲಿ ಹೆಚ್ಚಿಸಲು ಒಲ್ಲೆನೆನ್ನುತ್ತಾನೆ. ಆದರೆ ಪಾಲಿಯೆಸ್ಟರ್ ನೂಲಿನ ಬೆಲೆಯ ಬೇರು ಇರುವುದು ಇವರಲ್ಲಿ ಬಹುಮಂದಿ ಕಣ್ಣಿನಿಂದಲೂ ಕಾಣದ ಒಂದು ಬಿಳಿಯ ಪುಡಿಯಲ್ಲಿ. ಅದರ ಹೆಸರು ಟೆರೆಫ್ತಾಲಿಕ್ ಆಮ್ಲ. ವ್ಯಾಪಾರದ ಭಾಷೆಯಲ್ಲಿ ಪಿ.ಟಿ.ಎ.

ಕಚ್ಚಾ ಎಣ್ಣೆಯಿಂದ ನಾಫ್ತಾ, ನಾಫ್ತಾದಿಂದ ಪ್ಯಾರಾಕ್ಸೈಲೀನ್, ಅದರಿಂದ ಈ ಪುಡಿ. ಒಂದು ಟನ್ ಪಾಲಿಯೆಸ್ಟರಿಗೆ ಸುಮಾರು 860 ಕಿಲೋ ಪಿ.ಟಿ.ಎ. ಬೇಕು. 1941ರಲ್ಲಿ ಇಂಗ್ಲೆಂಡಿನ ವಿನ್‌ಫೀಲ್ಡ್ ಮತ್ತು ಡಿಕ್ಸನ್ ಈ ಆಮ್ಲದಿಂದ ಕಂಡುಹಿಡಿದ ಎಳೆಯನ್ನೇ ನಮ್ಮ ಹಿರಿಯರು ಟೆರಿಲಿನ್ ಎಂದು ಬಲ್ಲರು. ಇಂದು ಜಗತ್ತಿನಲ್ಲಿ ತಯಾರಾಗುವ ಜವಳಿ ನಾರಿನಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲಿಯೆಸ್ಟರೇ. ನೀರಿನ ಬಾಟಲಿಗೂ ಇದೇ ಮೂಲ. ಆದ್ದರಿಂದ ಬೇಡಿಕೆ ಬೆಳೆಯುತ್ತಲೇ ಬಂದಿದೆ. ಜಗತ್ತಿನ ಪಿ.ಟಿ.ಎ.ಯಲ್ಲಿ ಅರ್ಧಕ್ಕೂ ಮಿಕ್ಕಿ ತಯಾರಾಗುವುದು ಚೀನಾದಲ್ಲಿ. ಅಲ್ಲಿಯ ಕಾರ್ಖಾನೆಗಳು ಬೇಡಿಕೆ ಮೀರಿ ತಯಾರಿಸಿದರೆ ಎಲ್ಲೆಡೆ ದರ ಇಳಿಯುತ್ತದೆ. ಎಣ್ಣೆಯ ಬೆಲೆ ಏರಿದರೆ ಎಲ್ಲೆಡೆ ದರ ಏರುತ್ತದೆ.

ನಮ್ಮ ದೇಶದಲ್ಲಿ ಇದನ್ನು ತಯಾರಿಸುವ ಕಂಪನಿಗಳನ್ನು ಒಂದೇ ಕೈಯ ಬೆರಳುಗಳಲ್ಲಿ ಎಣಿಸಬಹುದು. ಹೊರಗಿನ ಅಗ್ಗದ ಮಾಲಿನಿಂದ ಈ ಉದ್ಯಮಕ್ಕೆ ನಷ್ಟವೆಂಬ ದೂರಿನ ಮೇಲೆ ಸರ್ಕಾರವು 2014ರಿಂದ ಹಲವು ದೇಶಗಳ ಪಿ.ಟಿ.ಎ. ಮೇಲೆ ಡಂಪಿಂಗ್ ವಿರೋಧಿ ಸುಂಕ ಹೇರುತ್ತ ಬಂದಿತು. 2020ರ ಬಜೆಟ್ಟಿನಲ್ಲಿ ಸಾರ್ವಜನಿಕ ಹಿತದ ಹೆಸರಿನಲ್ಲಿ ಅದನ್ನು ರದ್ದುಮಾಡಿತು. ಬಳಿಕ ಗುಣಮಟ್ಟದ ಪ್ರಮಾಣಪತ್ರ ಕಡ್ಡಾಯವೆಂಬ ಆಜ್ಞೆ ಬಂತು. 2025ರ ನವೆಂಬರಿನಲ್ಲಿ ಅದನ್ನೂ ಹಿಂತೆಗೆದುಕೊಂಡಿತು. ಹೇರಿದಾಗಲೂ ದೇಶದ ಹಿತ, ತೆಗೆದಾಗಲೂ ದೇಶದ ಹಿತ! ನಡುವಿನ ವರ್ಷಗಳಲ್ಲಿ ಆ ಭಾರ ಹೊತ್ತ ಸಣ್ಣ ನೇಕಾರನ ಲೆಕ್ಕ ಯಾವ ಕಡತದಲ್ಲಿದೆ?

ಸುಂಕವೇ ಬೇಡವೆಂದು ನಾವು ವಾದಿಸುತ್ತಿಲ್ಲ. ಪಿ.ಟಿ.ಎ. ಕಾರ್ಖಾನೆಯಲ್ಲಿ ದುಡಿಯುವವನೂ ನಮ್ಮ ಸಹೋದರನೇ. ಅವನ ಕೆಲಸ ಉಳಿಯಬೇಕು. ಆದರೆ ಪುಡಿ ತಯಾರಿಸುವ ದೊಡ್ಡ ಕಂಪನಿಯೇ ನೂಲನ್ನೂ ತೆಗೆದು ಮಾರುವಾಗ, ಅದರಿಂದ ಪುಡಿ ಕೊಳ್ಳಬೇಕಾದ ಸಣ್ಣ ಗಿರಣಿಯು ತನ್ನ ಪ್ರತಿಸ್ಪರ್ಧಿಯ ಬಾಗಿಲಲ್ಲೇ ಕೈಯೊಡ್ಡಿ ನಿಂತಂತಾಗುತ್ತದೆ. ಸುಂಕದ ರಕ್ಷಣೆ ಕೊಡುವ ಸರ್ಕಾರವು, ಆ ರಕ್ಷಣೆಗೆ ಪ್ರತಿಯಾಗಿ ಬೆಲೆಯ ಮೇಲೆ ಯಾವ ಕಟ್ಟುಪಾಡನ್ನು ವಿಧಿಸುತ್ತದೆ? ಇದು ನಮ್ಮ ಪ್ರಶ್ನೆ.

ಉತ್ತರಕ್ಕೆ ದೂರ ಹೋಗಬೇಕಿಲ್ಲ. ವರ್ಷಕ್ಕೆ ಹನ್ನೆರಡೂವರೆ ಲಕ್ಷ ಟನ್ ಸಾಮರ್ಥ್ಯದ ಪಿ.ಟಿ.ಎ. ಕಾರ್ಖಾನೆ ಮಂಗಳೂರಿನಲ್ಲಿದೆ. ಅದನ್ನು ಕಟ್ಟಿದ ಖಾಸಗಿ ಕಂಪನಿಯು ಸಾಲದಲ್ಲಿ ಮುಳುಗಿತು, ಯಂತ್ರಗಳು ನಿಂತವು, ಕಾರ್ಖಾನೆ ದಿವಾಳಿ ನ್ಯಾಯಮಂಡಳಿಯ ಮೆಟ್ಟಿಲೇರಿತು. 2023ರಲ್ಲಿ ಸಾರ್ವಜನಿಕ ಕ್ಷೇತ್ರದ ಗೇಲ್ ಸಂಸ್ಥೆಯು ಸುಮಾರು 2,100 ಕೋಟಿ ರೂಪಾಯಿಗೆ ಅದನ್ನು ವಶಪಡಿಸಿಕೊಂಡಿತು. ಜನರ ಹಣ ತೊಡಗಿದ ಮೇಲೆ ಜನರಿಗೂ ಅದರ ಮೇಲೆ ಹಕ್ಕಿದೆ.

ಆದ್ದರಿಂದ ನಾವು ಮೂರು ಮಾತುಗಳನ್ನು ಒತ್ತಾಯಪಡಿಸುತ್ತೇವೆ. ಒಂದು, ಮಂಗಳೂರಿನ ಮಾಲಿನಲ್ಲಿ ಸ್ವಂತ ಪಿ.ಟಿ.ಎ. ಇಲ್ಲದ ಸಣ್ಣ ಗಿರಣಿಗಳಿಗೆ ಮೊದಲ ಪಾಲು ಮೀಸಲಿಟ್ಟು, ದರವನ್ನು ತಿಂಗಳು ತಿಂಗಳು ಬಹಿರಂಗವಾಗಿ ಸಾರಬೇಕು. ಎರಡು, ಸುಂಕದ ವಿಚಾರಣೆ ದಿಲ್ಲಿಯ ವಕೀಲರ ಕೊಠಡಿಗಳಲ್ಲೇ ಮುಗಿಯಬಾರದು. ದೊಡ್ಡಬಳ್ಳಾಪುರ, ಬೆಳಗಾವಿಯಂತಹ ಮಗ್ಗದ ಊರುಗಳಲ್ಲೂ ನೇಕಾರರ ಅಹವಾಲು ಕೇಳಬೇಕು. ಮೂರು, ಆ ಊರುಗಳಲ್ಲಿ ಸಹಕಾರಿ ನೂಲಿನ ಭಂಡಾರಗಳನ್ನು ತೆರೆದು, ನಾಲ್ಕು ಮಗ್ಗದವನಿಗೂ ಗಿರಣಿಯ ದರದಲ್ಲೇ ನೂಲು ಸಿಗುವಂತೆ ಮಾಡಬೇಕು.

ಕಾರ್ಮಿಕನೂ ಸಣ್ಣ ವರ್ತಕನೂ ಪರಸ್ಪರ ದೂರುತ್ತ ಕುಳಿತಷ್ಟು ಕಾಲ ಬೆಲೆ ಕಟ್ಟುವವರು ನೆಮ್ಮದಿಯಾಗಿರುತ್ತಾರೆ. ಇಬ್ಬರೂ ಒಂದೇ ಅರ್ಜಿಗೆ ಸಹಿ ಹಾಕಲಿ.