ಕಟ್ಟಡ ಕೆಡವುವ ಮುನ್ನ

ಠಾಣೆ, ಡೊಂಬಿವಲಿ, ಕಲ್ಯಾಣ ನಿಲ್ದಾಣಗಳ ಆಸುಪಾಸಿನ ಹಳೆಯ ಕಟ್ಟಡಗಳು ಒಂದೊಂದಾಗಿ ಪುನರಭಿವೃದ್ಧಿಗೆ ಹೋಗುತ್ತಿವೆ. ಉಡುಪಿ, ಕುಂದಾಪುರದ ಕಡೆಯವರು ಹೋಟೆಲು ನಡೆಸಿದ್ದು ಇಂಥ ನೆಲಮಹಡಿಗಳಲ್ಲೇ. ಬಾಡಿಗೆ ಹಕ್ಕಿಗೆ ಪಗಡಿ ಹಣ ಕೊಟ್ಟು ಕೂತ ಧನಿಗಳು ಹೊಸ ಕಟ್ಟಡದಲ್ಲಿ ಜಾಗ ಕೇಳಬಹುದು. ಅದೇ ಸೂರಿನಡಿ ಮೂವತ್ತು ವರ್ಷ ಕಾವಲಿಯ ಮುಂದೆ ಬೆಂದವರು ಏನನ್ನು ಕೇಳಬೇಕು?

ಮೊದಲನೆಯದು ಭವಿಷ್ಯನಿಧಿ. ಅದು ಕಡ್ಡಾಯವಾಗುವುದು 20 ಮಂದಿ ಕೆಲಸಗಾರರಿದ್ದರೆ ಮಾತ್ರ. ಸಣ್ಣ ಹೋಟೆಲು ಹೊರಗುಳಿಯುತ್ತದೆ. ಆದರೆ ಧನಿಯೂ ಹೆಚ್ಚಿನ ಕೆಲಸಗಾರರೂ ಒಪ್ಪಿದರೆ ತಾವಾಗಿಯೇ ಸೇರಲು ಕಾನೂನಿನಲ್ಲಿ ದಾರಿಯಿದೆ. ಧನಿಗಳು ಆ ದಾರಿ ಹಿಡಿಯಬೇಕು ಎಂಬುದು ನಮ್ಮ ಒತ್ತಾಯ. ಹತ್ತು ಜನರಿರುವಲ್ಲಿ ಐದು ವರ್ಷ ದುಡಿದವರಿಗೆ ಗ್ರಾಚ್ಯುಟಿ ಹಕ್ಕು. ಊರಿಗೆ ಹೊರಟಾಗ ಕೈಗಿಡುವ ಉಪಕಾರವಲ್ಲ.

ಇನ್ನು ಕೆಲಸಗಾರರು ತಾವೇ ಸೇರಬಹುದಾದ ಸರಕಾರದ ಅಟಲ್ ಪಿಂಚಣಿ ಯೋಜನೆಯ ಲೆಕ್ಕವನ್ನೇ ನೋಡಿ. 60ರ ನಂತರ ತಿಂಗಳಿಗೆ 5,000 ರೂಪಾಯಿ ಬರಬೇಕಾದರೆ 18ರ ಹುಡುಗ ಕಟ್ಟಬೇಕಾದ್ದು ತಿಂಗಳಿಗೆ 210 ರೂಪಾಯಿ. 40ಕ್ಕೆ ಸೇರಿದವನಿಗೆ ಅದೇ ಕಂತು 1,454. ಆಮೇಲೆ ಬಾಗಿಲೇ ಮುಚ್ಚುತ್ತದೆ. ಕಲ್ಯಾಣದಿಂದ ನವಿ ಮುಂಬಯಿವರೆಗಿನ ನಮ್ಮ ಕನ್ನಡ ಸಂಘಗಳು ಈ ವರ್ಷದ ರಾಜ್ಯೋತ್ಸವದ ಪೆಂಡಾಲಿನಲ್ಲೇ ಇದರ ನೋಂದಣಿಗೆ ಒಂದು ಮೇಜು ಹಾಕಲಿ.